ತಿಂಗಳಿಗೆ ಆರೇ ಇಳಿತ: ಮೈನಟ್ಸ್ ಲೆಡ್ಜ್ ದೀಪಸ್ತಂಭ ನಿಂತ ಬಗೆ

ಪೇಜರ್ ಕಾಲದಲ್ಲಿ ಕಾಲೇಜು ಓದಿದವರಿಗೆ 143 ಎಂಬ ಸಂಖ್ಯೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕೈವಾರದ ಮೊನೆಯಿಂದ ಬೆಂಚಿನ ಮೇಲೆ ಕೊರೆದದ್ದು, ಬಸ್ಸಿನ ಸೀಟಿನ ಹಿಂಬದಿಯಲ್ಲಿ ಗೀಚಿದ್ದು ಅದೇ. ಐ ಲವ್ ಯು ಎಂಬ ಇಂಗ್ಲಿಷ್ ಮಾತಿನ ಅಕ್ಷರಗಳನ್ನು ಎಣಿಸಿದರೆ ಒಂದು, ನಾಲ್ಕು, ಮೂರು. ಅಮೆರಿಕದ ಮ್ಯಾಸಚೂಸೆಟ್ಸ್ ಕೊಲ್ಲಿಯಲ್ಲಿ ನಿಂತಿರುವ ಒಂದು ಕಲ್ಲಿನ ಗೋಪುರ 1894ರಿಂದ ಇದೇ ಲೆಕ್ಕದಲ್ಲಿ ಮಿಟುಕುತ್ತಿದೆ. ಆ ಕಾರಣಕ್ಕೇ ಅದಕ್ಕೆ ಪ್ರೇಮಿಗಳ ದೀಪವೆಂಬ ಹೆಸರು ಬಿದ್ದಿದೆ. ಮಿಟುಕಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ನನಗೆ ಆ ಗೋಪುರದ ತಲೆಗಿಂತ ಬುಡದ ಮೇಲೆ ಹೆಚ್ಚು ಕುತೂಹಲ. ಏಕೆಂದರೆ ಅದು ನಿಂತಿರುವ ಬಂಡೆ ದಿನದ ಬಹುಪಾಲು ನೀರಿನಡಿ ಇರುತ್ತದೆ.

ದೀಪಸ್ತಂಭ ಎಂದ ಕೂಡಲೇ ನಮಗೆ ನೆನಪಾಗುವುದು ಕಾಪು: ಕಡಲಂಚಿನಲ್ಲಿ ಎದ್ದು ನಿಂತ ಬಂಡೆ, ಅದರ ನೆತ್ತಿಯ ಮೇಲೆ 1901ರ ಗೋಪುರ. ಇಲ್ಲವೇ ಕಾರವಾರದ ಎದುರಿನ ದೇವಗಡ ದ್ವೀಪದಲ್ಲಿ 1864ರಲ್ಲಿ ಎದ್ದ ಆಯ್‌ಸ್ಟರ್ ರಾಕ್ ದೀಪ. ಎರಡನೆಯದಕ್ಕೆ ದೋಣಿಯಲ್ಲೇ ಹೋಗಬೇಕು, ನಿಜ. ಆದರೆ ಇಳಿದ ಮೇಲೆ ಕಾಲೂರಲು ನೆಲವಿದೆ. ಮೇಸ್ತ್ರಿ ಬೆಳಿಗ್ಗೆ ಕೆಲಸ ಶುರು ಮಾಡಿ, ಸಂಜೆ ಹಸಿ ಗಾರೆಗೆ ಗೋಣಿ ಮುಚ್ಚಿ ಹೋದರೆ ಮರುದಿನ ಬರುವಾಗ ಇಟ್ಟ ಕಲ್ಲು ಇಟ್ಟಲ್ಲೇ ಇರುತ್ತದೆ. ಮೈನಟ್ಸ್ ಲೆಡ್ಜ್‌ನಲ್ಲಿ ಈ ಸೌಭಾಗ್ಯ ಇರಲಿಲ್ಲ. ಬಾಸ್ಟನ್ ಬಂದರಿನ ಆಗ್ನೇಯಕ್ಕೆ, ಕೊಹ್ಯಾಸೆಟ್ ಮತ್ತು ಸಿಚುವೇಟ್ ಎಂಬ ಊರುಗಳ ಎದುರು, ದಡದಿಂದ ಸುಮಾರು ಒಂದು ಮೈಲಿ ಒಳಗೆ ಇರುವ ಮುಳುಗುಬಂಡೆ ಅದು. ಭರತ ಬಂದಾಗ ಕಾಣುವುದೇ ಇಲ್ಲ. ಇಳಿತದಲ್ಲಿ ಪಾಚಿ, ಚಿಪ್ಪು ಮೆತ್ತಿದ ಕಪ್ಪು ಬೆನ್ನು ಸ್ವಲ್ಪ ಹೊತ್ತು ಮೇಲೆ ತೋರಿ ಮತ್ತೆ ಮುಳುಗುತ್ತದೆ. ನಮ್ಮ ಕರಾವಳಿಯಲ್ಲಿ ಭರತಕ್ಕೂ ಇಳಿತಕ್ಕೂ ನಡುವೆ ಒಂದೂವರೆ, ಎರಡು ಮೀಟರ್ ವ್ಯತ್ಯಾಸವಿದ್ದರೆ ಅಲ್ಲಿ ಸುಮಾರು ಮೂರು ಮೀಟರ್.

ಪೂರ್ತಿ ಮೇಲಿರುವ ಬಂಡೆ ನಾವಿಕನ ಕಣ್ಣಿಗೆ ಬೀಳುತ್ತದೆ, ಆಳದಲ್ಲಿರುವ ಬಂಡೆ ಹಡಗಿನ ತಳಕ್ಕೆ ತಾಗುವುದಿಲ್ಲ. ಕೊಲ್ಲುವುದು ಈ ನಡುವಿನ ಜಾತಿ. 1754ರಲ್ಲಿ ಜಾರ್ಜ್ ಮೈನಟ್ ಎಂಬ ಬಾಸ್ಟನ್ ವರ್ತಕನ ಹಡಗು ಇಲ್ಲಿ ಒಡೆಯಿತು. ಕಳೆದುಕೊಂಡವನ ಹೆಸರನ್ನೇ ಬಂಡೆ ಇಟ್ಟುಕೊಂಡಿತು. 1832ರಿಂದ 1841ರವರೆಗಿನ ಹತ್ತು ವರ್ಷಗಳಲ್ಲಿ 40ಕ್ಕೂ ಹೆಚ್ಚು ಹಡಗುಗಳು ಈ ಬಂಡೆಸಾಲಿನಲ್ಲಿ ಹಾಳಾದವೆಂದು ಸರ್ಕಾರದ ಪರಿಶೀಲನೆಗೆ ಹೋದ ಎಂಜಿನಿಯರ್ ಐ.ಡಬ್ಲ್ಯು.ಪಿ. ಲೂಯಿಸ್ ವರದಿ ಕೊಟ್ಟ. ಬಾಸ್ಟನ್ ಆಗ ಏರುತ್ತಿದ್ದ ಬಂದರು. ಬಂಡೆಯ ಮೇಲೆ ದೀಪ ಬೇಕು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಎಂಥದ್ದು ಎಂಬುದೇ ಪ್ರಶ್ನೆ.

ಎದುರಿಗೆ ಎರಡು ದಾರಿಗಳಿದ್ದವು. ಒಂದು ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನವರು ತೋರಿಸಿಕೊಟ್ಟದ್ದು. ಎಡಿಸ್ಟೋನ್ ಬಂಡೆಯ ಮೇಲೆ 1759ರಲ್ಲಿ ಜಾನ್ ಸ್ಮೀಟನ್, ಬೆಲ್ ರಾಕ್ ಮೇಲೆ 1811ರಲ್ಲಿ ರಾಬರ್ಟ್ ಸ್ಟೀವನ್‌ಸನ್ ಕಲ್ಲಿಗೆ ಕಲ್ಲು ಕಚ್ಚಿಸಿ ಎತ್ತಿದ ಭಾರಿ ಗೋಪುರಗಳು. ದುಬಾರಿ, ನಿಧಾನ. ಇನ್ನೊಂದು ಆ ಕಾಲದ ಹೊಸ ಸರಕು: ಕಬ್ಬಿಣ. ಐರ್ಲೆಂಡಿನ ಅಂಧ ಎಂಜಿನಿಯರ್ ಅಲೆಕ್ಸಾಂಡರ್ ಮಿಚೆಲ್ ಕಬ್ಬಿಣದ ಕಂಬಗಳ ತುದಿಗೆ ತಿರುಪು ಕೊಟ್ಟು ಮರಳಿನೊಳಗೆ ಇಳಿಸಿ, ಮೇಲೆ ಮನೆ ಕಟ್ಟಿ ದೀಪವಿಡುವ ಉಪಾಯ ಕಂಡುಹಿಡಿದಿದ್ದ. ಸೇನೆಯ ಎಂಜಿನಿಯರ್ ಕ್ಯಾಪ್ಟನ್ ವಿಲಿಯಂ ಸ್ವಿಫ್ಟ್ ಮೈನಟ್ಸ್ ಲೆಡ್ಜ್‌ಗೆ ಕಬ್ಬಿಣವನ್ನೇ ಆರಿಸಿಕೊಂಡ. ಇಲ್ಲಿ ಮರಳಿಲ್ಲದ ಕಾರಣ ತಿರುಪಿನ ಬದಲು ಬಂಡೆಗೇ ತೂತು ಕೊರೆದು ಕಂಬ ನೆಡಬೇಕಿತ್ತು, ಅಷ್ಟೇ ವ್ಯತ್ಯಾಸ.

ಸ್ವಿಫ್ಟನ ತರ್ಕವನ್ನು ಇಂದು ಕುಳಿತು ಆಡಿಕೊಳ್ಳುವುದು ಸುಲಭ. ಆದರೆ ಅದರಲ್ಲಿ ಹುರುಳಿತ್ತು. ಗಾಳಿಗಿಂತ ನೀರು ಸುಮಾರು 800 ಪಟ್ಟು ಸಾಂದ್ರ. ಹರಿಯುವ ನೀರು ಅಡ್ಡ ಸಿಕ್ಕಿದ ವಸ್ತುವನ್ನು ನೂಕುವ ಬಲ ಎರಡು ಸಂಗತಿಗಳನ್ನು ಅವಲಂಬಿಸುತ್ತದೆ: ವಸ್ತು ಎಷ್ಟು ಅಗಲಕ್ಕೆ ಅಡ್ಡ ನಿಂತಿದೆ ಮತ್ತು ನೀರು ಎಷ್ಟು ವೇಗದಲ್ಲಿದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ. ಅಲೆಯ ವೇಗ ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದು ಅಗಲ. ಹಾಗಾದರೆ ಅಲೆಗೆ ಗೋಡೆಯನ್ನು ಒಡ್ಡುವುದೇಕೆ? ಸಪೂರ ಕಾಲುಗಳ ಮೇಲೆ ಮನೆಯನ್ನು ಅಲೆಗೆ ನಿಲುಕದಷ್ಟು ಎತ್ತರದಲ್ಲಿಟ್ಟರೆ ನೀರು ಕಾಲುಗಳ ಸಂದಿಯಿಂದ ತನ್ನಷ್ಟಕ್ಕೆ ಹೋಗುತ್ತದೆ. ಗದ್ದೆಯಲ್ಲಿ ನಿಂತ ಕೊಕ್ಕರೆಯನ್ನು ನೆನೆಸಿಕೊಳ್ಳಿ. ವೆಚ್ಚವೂ ಕಡಿಮೆ.

1847ರ ಬೇಸಗೆಯಲ್ಲಿ ಕೆಲಸ ಶುರುವಾಯಿತು. 25 ಅಡಿ ವ್ಯಾಸದ ವೃತ್ತದ ಸುತ್ತ ಎಂಟು ತೂತು, ನಡುವೆ ಒಂದು, ಒಂದೊಂದೂ ಐದಡಿ ಆಳ. ಒಂಬತ್ತು ಕಬ್ಬಿಣದ ಕಂಬಗಳು ಮೇಲಕ್ಕೆ ಹೋದಂತೆ ಒಳಗೆ ಬಾಗಿ ಕೂಡುತ್ತಿದ್ದವು. ಅವುಗಳನ್ನು ಒಂದಕ್ಕೊಂದು ಬಿಗಿಯಲು ಅಡ್ಡಸಲಾಕೆಗಳು. ಆದರೆ ಅತ್ಯಂತ ಕೆಳಗಿನ ಹಂತದಲ್ಲಿ ಅಡ್ಡಸಲಾಕೆಗಳನ್ನು ಹಾಕಲಿಲ್ಲ. ಅಲ್ಲಿ ಅವು ಅಲೆಗೆ ಅಡ್ಡಬಂದು ಭದ್ರತೆಗಿಂತ ಅಪಾಯವನ್ನೇ ಹೆಚ್ಚಿಸುತ್ತವೆ ಎಂಬ ಎಣಿಕೆ. ಎಲ್ಲಕ್ಕೂ ಮೇಲೆ ಕಾವಲುಗಾರರ ಕೋಣೆ, ಅದರ ಮೇಲೆ ಲಾಂದ್ರ.

ಕೆಲಸ ಮುಗಿಯುತ್ತಾ ಬಂದಿದ್ದ 1849ರ ಅಕ್ಟೋಬರ್ 7ರಂದು, ಬರಗಾಲದಿಂದ ತಪ್ಪಿಸಿಕೊಂಡು ಐರ್ಲೆಂಡಿನ ಗಾಲ್ವೇಯಿಂದ ಬರುತ್ತಿದ್ದ ವಲಸಿಗರ ಹಡಗು ಸೇಂಟ್ ಜಾನ್ ಅಲ್ಲೇ ಸಮೀಪದ ಬಂಡೆಗಳಿಗೆ ಬಡಿದು ನೂರರ ಹತ್ತಿರ ಜನ ಸತ್ತರು. ಗೋಪುರ ಎದುರಿಗೇ ನಿಂತಿತ್ತು, ದೀಪ ಮಾತ್ರ ಇನ್ನೂ ಹತ್ತಿರಲಿಲ್ಲ. ಹತ್ತಿದ್ದು 1850ರ ಜನವರಿ 1ರಂದು. ಒಟ್ಟು ವೆಚ್ಚ ಸುಮಾರು 39 ಸಾವಿರ ಡಾಲರ್.

ಮೊದಲ ಕಾವಲುಗಾರ ಐಸಾಕ್ ಡನ್‌ಹ್ಯಾಮ್. ಬಿರುಗಾಳಿ ಬಂದಾಗ ಗೋಪುರ ಓಲಾಡುತ್ತದೆ, ಇದನ್ನು ಬಲಪಡಿಸದಿದ್ದರೆ ಉಳಿಯುವುದಿಲ್ಲ ಎಂದು ಅವನು ಪದೇ ಪದೇ ಹೇಳಿದ. ಯಾರೂ ಕಿವಿಗೊಡಲಿಲ್ಲ. ಹತ್ತು ತಿಂಗಳಿಗೆ ಕೆಲಸ ಬಿಟ್ಟ. ಅವನ ಜಾಗಕ್ಕೆ ಬಂದ ಜಾನ್ ಬೆನೆಟ್‌ಗೆ ಡನ್‌ಹ್ಯಾಮನ ಭಯ ಕಂಡು ತಮಾಷೆಯಾಗಿತ್ತು. ಒಂದೆರಡು ಬಿರುಗಾಳಿ ಕಳೆದ ಮೇಲೆ ಅವನೂ ಅದೇ ಮಾತು ಹೇಳತೊಡಗಿದ. ಡೊಂಕಾದ ಸಲಾಕೆಗಳನ್ನು ಬಿಚ್ಚಿ ದಡಕ್ಕೆ ಒಯ್ದು ನೆಟ್ಟಗೆ ಮಾಡಿಸಿ ಮತ್ತೆ ಜೋಡಿಸುವುದು ಅಲ್ಲಿ ವಾಡಿಕೆಯಾಗಿಬಿಟ್ಟಿತ್ತು. ನನಗೆ ಇದನ್ನು ಓದಿದಾಗಲೆಲ್ಲ ಅಚ್ಚರಿಯಾಗುತ್ತದೆ: ಗೋಪುರ ತನ್ನ ಕಾಯಿಲೆಯನ್ನು ತಾನೇ ಕಮ್ಮಾರನ ಅಂಗಡಿಗೆ ಕಳಿಸುತ್ತಿತ್ತು.

ಕಾಯಿಲೆ ಏನು? ತಂತಿಯನ್ನು ಕೈಯಿಂದ ಎಳೆದು ತುಂಡು ಮಾಡಲಾಗುವುದಿಲ್ಲ. ಅದನ್ನೇ ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಹತ್ತಾರು ಸಲ ಬಗ್ಗಿಸಿದರೆ ಪಟ್ಟೆಂದು ಮುರಿಯುತ್ತದೆ. ಒಂದೊಂದು ಬಾಗು ಸಣ್ಣದೇ. ಲೋಹದೊಳಗೆ ಕೂದಲೆಳೆಯಂಥ ಬಿರುಕು ಮಾತ್ರ ಪ್ರತಿಸಲವೂ ಒಂದಿಷ್ಟು ಬೆಳೆಯುತ್ತದೆ. ಅಲೆಗಳು ಕೆಲವು ಸೆಕೆಂಡಿಗೊಮ್ಮೆ ಬರುತ್ತವೆ. ಒಂದು ರಾತ್ರಿಯ ಬಿರುಗಾಳಿಯೆಂದರೆ ಸಾವಿರಾರು ಬಾಗು. ಅದರಲ್ಲೂ ಕೆಳಗಿನ ಹಂತದಲ್ಲಿ ಅಡ್ಡ ಬಿಗಿತವಿಲ್ಲದ ಕಾಲುಗಳಲ್ಲಿ, ಬಂಡೆಯಿಂದ ಕಂಬ ಹೊರಬರುವ ಜಾಗದಲ್ಲೇ ಒತ್ತಡವೆಲ್ಲ ಸೇರುತ್ತದೆ.

ಎರಡನೆಯ ಸಂಗತಿ ಎತ್ತರದ್ದು. ಬೇಲಿಗೂಟ ಕೀಳುವವರು ಬುಡ ಹಿಡಿದು ಎಳೆಯುವುದಿಲ್ಲ, ತಲೆ ಹಿಡಿದು ಅಲ್ಲಾಡಿಸುತ್ತಾರೆ. ಹತ್ತಡಿ ಎತ್ತರದಲ್ಲಿ ಕೊಟ್ಟ ನೂಕಿಗೆ ಬುಡದಲ್ಲಿ ಆಗುವ ಸೆಳೆತಕ್ಕಿಂತ, ಅದೇ ನೂಕನ್ನು ಐವತ್ತಡಿ ಎತ್ತರದಲ್ಲಿ ಕೊಟ್ಟರೆ ಐದು ಪಟ್ಟು ಸೆಳೆತ ಆಗುತ್ತದೆ. ಸ್ವಿಫ್ಟನ ಲೆಕ್ಕದಲ್ಲಿ ಅಲೆ ಮೇಲಿನವರೆಗೆ ಬರಬಾರದು, ಆದ್ದರಿಂದ ಮೇಲೆ ನೂಕು ಬೀಳುವ ಪ್ರಶ್ನೆಯಿಲ್ಲ. ಆದರೆ ಗೋಪುರದಲ್ಲಿ ಇದ್ದದ್ದು ಮನುಷ್ಯರು. ಮನುಷ್ಯರಿಗೆ ಸಾಮಾನು ಇಡಲು ಜಾಗ ಬೇಕು. ಕೋಣೆಯ ಕೆಳಗೆ ಕಂಬಗಳ ನಡುವೆ ಹಲಗೆ ಹಾಸಿ ಅಟ್ಟ ಮಾಡಿಕೊಂಡರು. ದೋಣಿಯಿಂದ ಹತ್ತಿ ಇಳಿಯುವುದೇ ಕಷ್ಟವಾದ್ದರಿಂದ, ಮೇಲಿನ ಜಗುಲಿಯಿಂದ ಸಮುದ್ರದ ತಳದಲ್ಲಿ ಇಳಿಬಿಟ್ಟ ಭಾರದ ಕಲ್ಲಿಗೆ ಐದೂವರೆ ಇಂಚು ಸುತ್ತಳತೆಯ ದಪ್ಪ ಹಗ್ಗ ಬಿಗಿದುಕೊಂಡರು. ಅಲೆಗೆ ಹಿಡಿಯಲು ಏನೂ ಸಿಗಬಾರದು ಎಂದು ಕಟ್ಟಿದ ಗೋಪುರಕ್ಕೆ ಈಗ ಹಲಗೆಯ ಎದೆಯೂ ಹಗ್ಗದ ಜುಟ್ಟೂ ಬಂದವು.

1851ರ ಏಪ್ರಿಲ್ ಮಧ್ಯದಲ್ಲಿ ಈಶಾನ್ಯದಿಂದ ಬಿರುಗಾಳಿ ಎದ್ದು ದಿನಗಟ್ಟಲೆ ಬೀಸಿತು. ಬೆನೆಟ್ ದಡದಲ್ಲಿದ್ದ, ಹಿಂದಿರುಗಲು ಕಡಲು ಬಿಡಲಿಲ್ಲ. ಒಳಗಿದ್ದವರು ಸಹಾಯಕರಾದ ಜೋಸೆಫ್ ವಿಲ್ಸನ್ ಮತ್ತು ಜೋಸೆಫ್ ಆಂಟ್ವಾನ್, ಇಬ್ಬರೂ ತರುಣರು. 16ರ ರಾತ್ರಿ ಹತ್ತರ ಸುಮಾರಿಗೆ ದಡದ ಜನ ದೀಪವನ್ನು ಕೊನೆಯ ಸಲ ಕಂಡರು. ನಡುರಾತ್ರಿ ಕಳೆದು ಒಂದು ಗಂಟೆಯ ಹೊತ್ತಿಗೆ ಗೋಪುರದ ಗಂಟೆ ಒಂದೇ ಸಮನೆ ಹುಚ್ಚೆದ್ದು ಬಡಿದದ್ದು ಕೇಳಿಸಿತು. ಆಮೇಲೆ ಇಲ್ಲ. ಬೆಳಕು ಹರಿದಾಗ ಬಂಡೆಯ ಮೇಲೆ ಡೊಂಕಾದ ಕಬ್ಬಿಣದ ಮೋಟುಗಳು ಮಾತ್ರ ಇದ್ದವು. ಆಂಟ್ವಾನನ ದೇಹ ದಡಕ್ಕೆ ಬಂತು. ವಿಲ್ಸನ್ ಈಜಿ ಒಂದು ಸಣ್ಣ ಬಂಡೆಯವರೆಗೆ ತಲುಪಿ ಅಲ್ಲಿ ಚಳಿ, ಬಳಲಿಕೆಗಳಿಂದ ಸತ್ತಂತೆ ಕಂಡಿತು. ಗೋಪುರ ಇನ್ನು ಉಳಿಯುವುದಿಲ್ಲ, ಆಚೀಚೆ ಅಡಿಗಟ್ಟಲೆ ಓಲಾಡುತ್ತಿದೆ ಎಂದು ಅವರು ಬರೆದು ಬಾಟಲಿಯಲ್ಲಿ ಹಾಕಿ ಎಸೆದ ಚೀಟಿ ಆಮೇಲೆ ಒಬ್ಬ ಮೀನುಗಾರನಿಗೆ ಸಿಕ್ಕಿತು.

ತಪ್ಪು ಯಾರದು ಎಂಬ ವಾದದಲ್ಲಿ ಸ್ವಿಫ್ಟ್ ಬೆರಳು ತೋರಿದ್ದು ಆ ಅಟ್ಟದ ಕಡೆಗೆ, ಆ ಹಗ್ಗದ ಕಡೆಗೆ. ಲೆಕ್ಕದ ಮಟ್ಟಿಗೆ ಅವನ ಮಾತು ಸುಳ್ಳಲ್ಲ. ಆದರೂ ನನಗೆ ಒಪ್ಪಿಗೆಯಿಲ್ಲ. ವಾಸಿಸುವವರು ಸಾಮಾನು ಇಡುತ್ತಾರೆ, ಹಗ್ಗ ಕಟ್ಟುತ್ತಾರೆ ಎಂಬುದು ಕಟ್ಟುವವನ ಲೆಕ್ಕದೊಳಗೇ ಇರಬೇಕಾದ ಸಂಗತಿ. ಅದಕ್ಕಿಂತ ದೊಡ್ಡದು, ಇಬ್ಬರು ಕಾವಲುಗಾರರು ಒಬ್ಬರಾದ ಮೇಲೊಬ್ಬರು ಒಂದೇ ದೂರು ಹೇಳಿದಾಗ ಅದನ್ನು ಪುಕ್ಕಲುತನವೆಂದು ಬದಿಗಿಟ್ಟದ್ದು.

ಮುಂದಿನ ಒಂಬತ್ತು ವರ್ಷ ಅಲ್ಲಿ ಲಂಗರು ಹಾಕಿದ ದೀಪದ ಹಡಗು ಕಾವಲಿತ್ತು. 1852ರಲ್ಲಿ ಅಮೆರಿಕದ ದೀಪಸ್ತಂಭಗಳ ಆಡಳಿತ ಹೊಸ ಮಂಡಳಿಯ ಕೈಗೆ ಬಂತು. ಈ ಸಲ ಕಲ್ಲೇ ಎಂದು ತೀರ್ಮಾನವಾಯಿತು. ಸೇನೆಯ ಮುಖ್ಯ ಎಂಜಿನಿಯರ್ ಜೋಸೆಫ್ ಟಾಟನ್ ನಕ್ಷೆ ಹಾಕಿದ. ಅದನ್ನು ನೀರಿನಿಂದ ಮೇಲೆತ್ತುವ ಹೊಣೆ ಬಾರ್ಟನ್ ಅಲೆಕ್ಸಾಂಡರ್ ಎಂಬ ಅಧಿಕಾರಿಯ ಹೆಗಲಿಗೆ ಬಿತ್ತು.

ಇಲ್ಲಿಂದ ನಿಜವಾದ ಒಗಟು. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯ, ಚಂದ್ರ, ಭೂಮಿ ಒಂದೇ ಗೆರೆಯಲ್ಲಿ ಬರುವುದರಿಂದ ಎರಡರ ಸೆಳೆತವೂ ಕೂಡಿಕೊಂಡು ಭರತ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ಇಳಿಯುತ್ತದೆ. ಬಂಡೆಯ ಮೇಲೆ ಬುಡದ ಕೆಲಸ ಮಾಡಲು ಆಗುವುದು ಈ ದೊಡ್ಡ ಇಳಿತಗಳಲ್ಲಿ ಮಾತ್ರ. ಅಲೆಕ್ಸಾಂಡರ್ ಲೆಕ್ಕ ಹಾಕಿದ: ಹುಣ್ಣಿಮೆಯ ಆಸುಪಾಸು ಮೂರು ಇಳಿತ, ಅಮಾವಾಸ್ಯೆಯ ಆಸುಪಾಸು ಮೂರು. ತಿಂಗಳಿಗೆ ಆರು ಅವಕಾಶ. ಆ ಆರರಲ್ಲೂ ಗಾಳಿ ಪೂರ್ತಿ ನಿಂತಿರಬೇಕು, ಕಡಲು ಎಣ್ಣೆ ಹೊಯ್ದಂತೆ ಸಮನಾಗಿರಬೇಕು. ಇಳಿತ, ಗಾಳಿ, ಕಡಲು ಈ ಮೂರರಲ್ಲಿ ಒಂದು ತಪ್ಪಿದರೂ ಆ ದಿನ ದಡದಲ್ಲಿ ಕುಳಿತು ಕಡಲು ನೋಡುವುದೇ ಕೆಲಸ. ಚಳಿಗಾಲದ ತಿಂಗಳುಗಳು ಎಣಿಕೆಗೇ ಇಲ್ಲ.

1855ರ ಜುಲೈ 1ರಂದು ಬಂಡೆಗೆ ಮೊದಲ ಉಳಿಪೆಟ್ಟು ಬಿತ್ತು. ಆ ವರ್ಷ ಸಿಕ್ಕ ಒಟ್ಟು ಕೆಲಸದ ಹೊತ್ತು 130 ಗಂಟೆ. ಮರುವರ್ಷ 157 ಗಂಟೆ. ದಿನಕ್ಕೆ ಎಂಟು ಗಂಟೆಯೆಂದು ಲೆಕ್ಕ ಹಿಡಿದರೆ ಎರಡು ವರ್ಷಗಳಲ್ಲಿ 36 ದಿನಗಳ ಕೂಲಿ. ಇಷ್ಟರಲ್ಲಿ ಒಂದು ಕಲ್ಲನ್ನೂ ಇಟ್ಟಿರಲಿಲ್ಲ. ಮಾಡಿದ್ದೆಲ್ಲ ಪಾಚಿ ಕೆರೆದು, ಬಂಡೆಯ ಬೆನ್ನನ್ನು ಮೆಟ್ಟಿಲು ಮೆಟ್ಟಿಲಾಗಿ ಸಮತಟ್ಟು ಕಡಿಯುವುದು. ಇಳಿಜಾರಿನ ಮೇಲೆ ಕಲ್ಲು ಕೂರಿಸಿದರೆ ಜಾರುತ್ತದೆ. ಮೆಟ್ಟಿಲಿನ ಮೇಲೆ ಕೂರಿಸಿದರೆ ಭಾರ ನೇರ ಕೆಳಗಿಳಿಯುತ್ತದೆ. ಕೆಲಸಗಾರರ ಪಕ್ಕದಲ್ಲೇ ಒಂದು ದೋಣಿ ಸದಾ ಸಿದ್ಧವಾಗಿರುತ್ತಿತ್ತು, ಅಲೆ ಸೆಳೆದುಕೊಂಡವರನ್ನು ಎತ್ತಿಕೊಳ್ಳಲು. ನೀರಿಗೆ ಬಿದ್ದವರು ಅನೇಕರು. ಜೀವ ಹೋದವರು ಒಬ್ಬರೂ ಇಲ್ಲ.

ಹಳೆಯ ಗೋಪುರದ ಕಂಬಗಳಿದ್ದ ತೂತುಗಳಲ್ಲೇ ಹೊಸ ಕಬ್ಬಿಣದ ಕಂಬಗಳನ್ನು ನೆಟ್ಟು, ಹಿಡಿದುಕೊಳ್ಳಲು ಆಸರೆಯಾಗುವ ಚೌಕಟ್ಟನ್ನು ಅಲೆಕ್ಸಾಂಡರ್ ನಿಲ್ಲಿಸಿದ. 1857ರ ಜನವರಿಯ ಬಿರುಗಾಳಿ ಕಳೆದು ನೋಡಿದರೆ ಚೌಕಟ್ಟು ಮಾಯ, ಬಂಡೆಯೂ ಅಲ್ಲಲ್ಲಿ ಒಡೆದಿತ್ತು. ಅಲೆಕ್ಸಾಂಡರ್ ಕುಸಿದುಹೋದ. ಒಂದು ಚಳಿಗಾಲಕ್ಕೆ ಕಬ್ಬಿಣವೇ ನಿಲ್ಲದಿದ್ದರೆ ಗಾರೆ, ಕಲ್ಲುಗಳ ಗತಿ ಏನು? ಕೆಲಸವನ್ನೇ ಕೈಬಿಡುವ ಯೋಚನೆ ಬರುವಷ್ಟು ನಿರಾಸೆ. ಆಮೇಲೆ ಸತ್ಯ ಹೊರಬಿತ್ತು. ಅದೇ ಬಿರುಗಾಳಿಯಲ್ಲಿ ಹತ್ತಿ ತುಂಬಿಕೊಂಡು ಬರುತ್ತಿದ್ದ ನ್ಯೂ ಎಂಪೈರ್ ಎಂಬ ಹಾಯಿಹಡಗು ದಿಕ್ಕುತಪ್ಪಿ ಬಂದು ಚೌಕಟ್ಟಿಗೆ ಗುದ್ದಿತ್ತು. ಕೆಡವಿದ್ದು ಕಡಲಲ್ಲ, ಹಡಗು. ದೀಪವಿಲ್ಲದ ಕಡೆ ದೀಪ ಕಟ್ಟಲು ಹೋದವರ ಕೆಲಸವನ್ನು, ದೀಪ ಕಾಣದೆ ಬಂದ ಹಡಗೇ ಹಾಳುಮಾಡಿತ್ತು. ಅಲೆಕ್ಸಾಂಡರನಿಗೆ ಮಾತ್ರ ಹೋದ ಜೀವ ಬಂದಂತಾಗಿರಬೇಕು.

1857ರ ಜುಲೈ 9ರಂದು ಮೊದಲ ಕಲ್ಲು ಕೂತಿತು. ಆ ಇಡೀ ವರ್ಷದಲ್ಲಿ ಕೂತ ಕಲ್ಲುಗಳು ನಾಲ್ಕು. ನಾಲ್ಕು ನೂರಲ್ಲ, ನಾಲ್ಕು.

ಅಷ್ಟು ಹೊತ್ತೇಕೆ ಹಿಡಿಯಿತು ಎಂಬುದನ್ನು ಹತ್ತಿರದಿಂದ ನೋಡಬೇಕು. ಅತ್ಯಂತ ಕೆಳಗಿನ ಕಲ್ಲುಗಳು ಕೂರಬೇಕಾದ ಜಾಗ ದೊಡ್ಡ ಇಳಿತದಲ್ಲೂ ನೀರಿನ ಮಟ್ಟಕ್ಕಿಂತ ಕೆಳಗಿತ್ತು. ಇಳಿತ ತಳ ಮುಟ್ಟುವ ಹೊತ್ತಿಗೆ ಸರಿಯಾಗಿ ಜನ ಇಳಿದು, ಕಲ್ಲು ಕೂರುವ ಗುಂಡಿಯ ಸುತ್ತ ಮರಳಿನ ಚೀಲಗಳ ಕಟ್ಟೆ ಹಾಕುತ್ತಿದ್ದರು. ಒಳಗಿನ ನೀರು ಮೊಗೆದು ಹಾಕಿ, ಕೊನೆಗೆ ಉಳಿದ ಪಸೆಯನ್ನು ಸ್ಪಂಜಿನಿಂದ ಒತ್ತಿ ತೆಗೆಯುತ್ತಿದ್ದರು. ಇನ್ನು ಗಾರೆ. ಹಸಿ ಸಿಮೆಂಟ್ ಹಾಕಿದ ಮರುಗಳಿಗೆಗೆ ಒಂದು ಸಣ್ಣ ತೆರೆ ಒಳನುಗ್ಗಿದರೂ ಅದು ಗಂಜಿಯಂತೆ ಕದಡಿ ಹೋಗುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ಬಟ್ಟೆ. ತೆಳು ಹತ್ತಿಬಟ್ಟೆಯ ಮೇಲೆ ಸಿಮೆಂಟ್ ಹರಡಿ, ಅದನ್ನು ಕಲ್ಲಿನ ಮೈಗೆ ಸುತ್ತಿ, ಕಲ್ಲನ್ನು ಜಾಗಕ್ಕಿಳಿಸುವುದು. ಕಲ್ಲಿನ ಭಾರಕ್ಕೆ ಸಿಮೆಂಟ್ ಬಟ್ಟೆಯ ನೇಯ್ಗೆಯ ಕಂಡಿಗಳಿಂದ ಒಸರಿ ಕೆಳಗಿನ ಬಂಡೆಗೆ ಅಂಟುತ್ತದೆ. ಅಲೆ ತೊಳೆಯಲು ಬಂದರೆ ಬಟ್ಟೆ ತಡೆಯುತ್ತದೆ. ಹಪ್ಪಳದ ಹಿಟ್ಟನ್ನು ಬಟ್ಟೆಯಲ್ಲಿ ಸುತ್ತಿಟ್ಟ ಕೈಗಳಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಸಾವಿರಾರು ಟನ್ ಗ್ರಾನೈಟಿನ ಕೆಳಗೆ ಹೀಗೆ ಹತ್ತಿಬಟ್ಟೆ ಸೇರಿಕೊಂಡಿದೆ.

ಕಲ್ಲುಗಳ ಬಗ್ಗೆ. ಕ್ವಿನ್ಸಿಯ ಗಣಿಗಳಿಂದ ತಂದ ಗ್ರಾನೈಟ್ ಅನ್ನು ಕೊಹ್ಯಾಸೆಟ್‌ನ ಗವರ್ನ್‌ಮೆಂಟ್ ಐಲೆಂಡ್ ಎಂಬ ಜಾಗದಲ್ಲಿ ಕಡಿದು ತಿದ್ದುತ್ತಿದ್ದರು. ಒಟ್ಟು 1,079 ಕಲ್ಲುಗಳು, ತಿದ್ದಿದ ಮೇಲೆ ಒಟ್ಟು ತೂಕ 2,367 ಟನ್. ಸರಾಸರಿ ಒಂದೊಂದು ಕಲ್ಲು ಎರಡು ಟನ್ನಿಗೂ ಮಿಕ್ಕಿ. ಪ್ರತಿ ವರಸೆಯನ್ನೂ ಮೊದಲು ದಡದಲ್ಲೇ ಜೋಡಿಸಿ ನೋಡಿ, ಕೂಡಿತೆಂದು ಖಾತ್ರಿಯಾದ ಮೇಲೆ ಬಿಚ್ಚಿ ದೋಣಿಗೇರಿಸುತ್ತಿದ್ದರು. ಬಂಡೆಯ ಮೇಲೆ ನಿಂತು ಉಳಿ ಹಿಡಿದು ಇನ್ನೊಂದು ಚೂರು ತೆಗೆಯೋಣ ಎನ್ನುವಷ್ಟು ಹೊತ್ತು ಕಡಲು ಕೊಡುವುದಿಲ್ಲ.

ಕಲ್ಲಿನ ಗೋಪುರ ಅಲೆಯನ್ನು ತಡೆಯುವುದು ಭಾರದಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಉತ್ತರ. ಇಡೀ ಗೋಪುರವನ್ನು ಮಗುಚಲು ಭಾರ ಬಿಡುವುದಿಲ್ಲ, ನಿಜ. ಬುಡ 30 ಅಡಿ ಅಗಲ, ಮೇಲಕ್ಕೆ ಹೋದಂತೆ ಸಣ್ಣದಾಗುವ ಶಂಕುವಿನ ಆಕಾರ, ಕೆಳಗಿನ 40 ಅಡಿ ನಡುವಿನ ಕಿರಿದಾದ ನೀರಿನ ಬಾವಿಯೊಂದನ್ನು ಬಿಟ್ಟರೆ ಪೂರ್ತಿ ಗಟ್ಟಿ ಕಲ್ಲು. ಆದ್ದರಿಂದ ತೂಕದ ಬಹುಪಾಲು ಕೆಳಗೇ ಇದೆ. ಮೈ ದುಂಡಗಿರುವುದರಿಂದ ಅಲೆಯ ಪೂರ್ತಿ ಗುದ್ದು ತಾಗುವುದು ಎದುರಿನ ಕಿರಿದಾದ ಪಟ್ಟಿಗೆ ಮಾತ್ರ, ಉಳಿದ ನೀರು ಪಕ್ಕಕ್ಕೆ ಜಾರುತ್ತದೆ. ಆದರೆ ಕಡಲು ಗೋಪುರಗಳನ್ನು ಒಟ್ಟಾಗಿ ಮಗುಚಲು ಹೋಗುವುದು ಅಪರೂಪ. ಅದು ಕಲ್ಲು ಕೀಳುತ್ತದೆ. ಸ್ಕಾಟ್ಲೆಂಡಿನ ಸ್ಕೆರಿವೋರ್ ಬಂಡೆಯ ಹತ್ತಿರ ಥಾಮಸ್ ಸ್ಟೀವನ್‌ಸನ್ 1845ರಲ್ಲಿ ಸ್ಪ್ರಿಂಗ್ ಇರುವ ಉಪಕರಣದಿಂದ ಅಲೆಯ ಗುದ್ದನ್ನು ಅಳೆದಾಗ ಒಂದು ಚದರಡಿಗೆ 6,083 ಪೌಂಡ್, ಅಂದರೆ ಮೂರು ಟನ್ನಿನ ಹತ್ತಿರ ಸಿಕ್ಕಿತ್ತು. ಅದು ಕ್ಷಣಮಾತ್ರ, ಒಂದು ಸಣ್ಣ ಜಾಗದಲ್ಲಿ. ಆದರೆ ಆ ಕ್ಷಣದಲ್ಲಿ ಕಲ್ಲುಗಳ ಸಂದಿಗೆ ನುಗ್ಗಿದ ನೀರು, ಅಲೆ ಹಿಂದೆ ಸರಿದಾಗ ಒಳಗಿನಿಂದ ಹೊರಕ್ಕೆ ಒತ್ತುತ್ತದೆ. ಸಾಲದ್ದಕ್ಕೆ ನೀರಿನಲ್ಲಿ ಮುಳುಗಿದ ಗ್ರಾನೈಟ್ ತನ್ನ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಎರಡು ಟನ್ನಿನ ಒಂಟಿ ಕಲ್ಲು ಕಡಲಿಗೆ ದೊಡ್ಡದೇನಲ್ಲ.

ಹಾಗಾಗಿ ಒಂಟಿ ಕಲ್ಲು ಇರಬಾರದು. ಬಡಗಿಗಳು ಪೆಟ್ಟಿಗೆಯ ಮೂಲೆಗೆ ಹಾಕುವ ಡವ್‌ಟೇಲ್ ಕಚ್ಚನ್ನು ನೋಡಿದ್ದೀರಲ್ಲ: ತುದಿಯಲ್ಲಿ ಅಗಲ, ಬುಡದಲ್ಲಿ ಕಿರಿದು, ಮೇಲಿನಿಂದ ಇಳಿಸಿ ಕೂರಿಸಬಹುದು, ಪಕ್ಕಕ್ಕೆ ಎಳೆದು ಬಿಡಿಸಲಾಗದು. ಗೋಪುರದ ಪ್ರತಿ ಕಲ್ಲಿನ ಪಕ್ಕೆಗಳಲ್ಲೂ ಇಂಥ ಕಚ್ಚು ಕಡಿದರು. ವರಸೆಯ ಒಂದು ಕಲ್ಲನ್ನು ಹೊರಗೆಳೆಯಬೇಕೆಂದರೆ ಪಕ್ಕದ ಎರಡನ್ನೂ ಎಳೆಯಬೇಕು, ಅವುಗಳ ಪಕ್ಕದ್ದನ್ನೂ ಎಳೆಯಬೇಕು. ಹೀಗೆ ಇಡೀ ಉಂಗುರವೇ ಎದ್ದು ಬರಬೇಕು. ಮೇಲಕ್ಕೆತ್ತಿ ತೆಗೆಯಬಹುದಲ್ಲ? ಅದಕ್ಕೂ ದಾರಿ ಮುಚ್ಚಿದರು: ಕೆಳಗಿನ ವರಸೆಗೂ ಮೇಲಿನದಕ್ಕೂ ಕಬ್ಬಿಣದ ದಪ್ಪ ಗೂಟಗಳನ್ನು ಹೊಗಿಸಿ ಬಂಧಿಸಿದರು, ಅತ್ಯಂತ ಕೆಳಗಿನವನ್ನು ಬಂಡೆಗೇ ಕೂಡಿಸಿದರು. ಸ್ಮೀಟನ್ ನೂರು ವರ್ಷ ಹಿಂದೆ ತೋರಿಸಿದ ವಿದ್ಯೆಯೇ ಇದು. ಆದರೆ ಎಡಿಸ್ಟೋನ್ ಬಂಡೆ ಇಷ್ಟು ಕೆಳಗಿರಲಿಲ್ಲ. ಈಗ ಭಾರ ಕೆಲಸಕ್ಕೆ ಬರುತ್ತದೆ. ಒಂದು ಕಲ್ಲಿಗೆ ಬಿದ್ದ ಗುದ್ದಿಗೆ 1,079 ಕಲ್ಲುಗಳ ತೂಕ ಉತ್ತರ ಕೊಡುತ್ತದೆ.

ಕಬ್ಬಿಣದ ಗೋಪುರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ ಎಂದು ನನಗೆ ತೋರುತ್ತದೆ. ಅಲ್ಲಿ ಬಲವೆಲ್ಲ ಒಂಬತ್ತು ಬುಡಗಳಲ್ಲಿ ಸೇರಿ ನಿಂತಿತ್ತು. ಒಂದು ಮುರಿದ ಕೂಡಲೇ ಉಳಿದ ಎಂಟರ ಹೊರೆ ಏರಿತು, ಇನ್ನೊಂದು ಮುರಿಯಿತು. ಇಲ್ಲಿ ಬಲ ಹಂಚಿಹೋಗಿದೆ. ಅಲ್ಲಿ ಗೋಪುರ ಬಾಗಿ ಬಾಗಿ ದಣಿಯಿತು. ಇಲ್ಲಿ ಬಾಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಕಬ್ಬಿಣ ಕೆಟ್ಟದ್ದು, ಕಲ್ಲು ಒಳ್ಳೆಯದು ಎಂದು ಇದರಿಂದ ಹೇಳಬೇಕಾಗಿಲ್ಲ. ಅದೇ ಮಾದರಿಯ ಕಬ್ಬಿಣದ ಕಾಲಿನ ದೀಪಗಳು ಚೆಸಪೀಕ್ ಕೊಲ್ಲಿಯಂಥ ಒಳನೀರಿನಲ್ಲಿ ಬಹುಕಾಲ ಬಾಳಿವೆ. ತೆರೆದ ಅಟ್ಲಾಂಟಿಕ್‌ಗೆ ಮುಖ ಕೊಟ್ಟ ಬಂಡೆ ಬೇರೆಯದೇ ಲೆಕ್ಕ.

ನೀರಿನಿಂದ ಮೇಲೆ ಬಂದ ಮೇಲೆ ಕೆಲಸ ಓಡಿತು. 1858ರ ಅಕ್ಟೋಬರ್ 2ರಂದು ಮೂಲೆಗಲ್ಲಿನ ಸಮಾರಂಭ. ಬುಡ ಆಗಲೇ ಎದ್ದಾಗಿದ್ದರೂ ಗಣ್ಯರನ್ನು ಕರೆದು ಭಾಷಣ ಮಾಡಿಸಲು ಒಂದು ಕಲ್ಲು ಬೇಕಲ್ಲ. 1860ರ ಜೂನ್ 29ರಂದು ಕೊನೆಯ ಕಲ್ಲು ಕೂತಿತು. ಮೊದಲ ಉಳಿಪೆಟ್ಟಿನಿಂದ ಐದು ವರ್ಷಕ್ಕೆ ಎರಡು ದಿನ ಕಡಿಮೆ. ಅದೇ ವರ್ಷ ನವೆಂಬರ್ 15ರಂದು ದೀಪ ಹತ್ತಿತು. ವೆಚ್ಚ ಸುಮಾರು ಮೂರು ಲಕ್ಷ ಡಾಲರ್, ಹಳೆಯದರ ಏಳೆಂಟು ಪಟ್ಟು. ಬಿರುಗಾಳಿಯಲ್ಲಿ ಇಂದಿಗೂ ಅಲೆಗಳು ಮೈ ಹತ್ತಿ ಲಾಂದ್ರವನ್ನೂ ಮೀರಿ ಚಿಮ್ಮುತ್ತವೆ.

ಇನ್ನು ಆ ಮಿಟುಕು. ಕಡಲಿನಲ್ಲಿ ರಾತ್ರಿ ಒಂದು ದೀಪ ಕಂಡರೆ ಸಾಲದು. ಅದು ಯಾವ ದೀಪ ಎಂದು ತಿಳಿಯಬೇಕು. ಬಾಸ್ಟನ್ ದೀಪವೆಂದು ತಪ್ಪಾಗಿ ತಿಳಿದು ಸಿಚುವೇಟ್ ದೀಪದ ಕಡೆ ಹಡಗು ತಿರುಗಿಸಿದರೆ ದೀಪವೇ ಹಡಗನ್ನು ಬಂಡೆಗೆ ಕರೆದಂತೆ. ಆದ್ದರಿಂದ ಪ್ರತಿ ದೀಪಕ್ಕೂ ಬೇರೆ ಬೇರೆ ಲಯ ಕೊಡುತ್ತಾರೆ. 1894ರ ಮೇ 1ರಿಂದ ಮೈನಟ್ಸ್ ಲೆಡ್ಜ್‌ಗೆ ಸಿಕ್ಕ ಲಯ ಒಂದು, ನಾಲ್ಕು, ಮೂರು. ತಿರುಗುವ ಮಸೂರದ ಗಾಜಿನ ಫಲಕಗಳನ್ನು ಆ ಗುಂಪುಗಳಲ್ಲಿ ಜೋಡಿಸಿದರೆ ಆಯಿತು: ಫಲಕ ಎದುರಿಗೆ ಬಂದಾಗ ಬೆಳಕಿನ ಹೊಳಪು, ದಾಟಿದಾಗ ಕತ್ತಲೆ. ಅದನ್ನು ಗೊತ್ತುಮಾಡಿದವರ ತಲೆಯಲ್ಲಿ ಇದ್ದದ್ದು ನಾವಿಕರೇ ಹೊರತು ಪ್ರೇಮಿಗಳಲ್ಲ. ದಡದಲ್ಲಿ ಕುಳಿತ ಯಾರೋ ಅಕ್ಷರ ಎಣಿಸಿ ಅರ್ಥ ಹಚ್ಚಿದರು. ದೀಪ ಕನ್ನಡದಲ್ಲಿ ಮಾತಾಡಬೇಕಾಗಿದ್ದರೆ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎನ್ನಲು ಎರಡು, ಮೂರು, ಐದು ಮಿಟುಕಬೇಕಿತ್ತು. ಪಾಪ, ಇನ್ನೂ ಎರಡು ಹೊಳಪು ಹೆಚ್ಚು.

1947ರಲ್ಲಿ ದೀಪ ತಾನಾಗಿ ಹತ್ತುವಂತಾಗಿ ಕಾವಲುಗಾರರು ಗೋಪುರ ಬಿಟ್ಟಿಳಿದರು. 1980ರ ದಶಕದಲ್ಲಿ ಸೌರಶಕ್ತಿ ಬಂತು, ಆ ದಶಕದ ಕೊನೆಯಲ್ಲಿ ಮೇಲ್ತುದಿಯನ್ನು ಬಿಚ್ಚಿ ದುರಸ್ತಿ ಮಾಡಿ ಮತ್ತೆ ಕೂರಿಸಿದರು. ಲಾಂದ್ರದ ಒಂದು ಪ್ರತಿರೂಪ, ಕಲ್ಲು ಕಡಿದ ಆ ಗವರ್ನ್‌ಮೆಂಟ್ ಐಲೆಂಡ್‌ನಲ್ಲೇ ನೋಡಲು ಸಿಗುತ್ತದೆ. ಬಾಸ್ಟನ್ ಸುತ್ತಮುತ್ತ ನೆಲೆಸಿದ ಕನ್ನಡಿಗರು ಸಂಜೆ ಕಾರಿನಲ್ಲಿ ಹೋಗಿ ಬರುವಷ್ಟೇ ದೂರ. ಕತ್ತಲಾದ ಮೇಲೆ ಕೊಹ್ಯಾಸೆಟ್ ದಡದಲ್ಲಿ ನಿಂತು ಪೂರ್ವಕ್ಕೆ ನೋಡಿದರೆ 45 ಸೆಕೆಂಡಿಗೆ ಒಂದು ಸುತ್ತು: ಮೊದಲು ಒಂದು ಹೊಳಪು, ಐದು ಸೆಕೆಂಡಿನ ಬಿಡುವು, ನಾಲ್ಕು, ಮತ್ತೆ ಐದು ಸೆಕೆಂಡು, ಮೂರು. ಮೂರರ ನಂತರದ ಕತ್ತಲೆ ಹದಿನೈದು ಸೆಕೆಂಡಿನಷ್ಟು ಉದ್ದ. ಎಣಿಕೆ ತಪ್ಪಿದವರು ಆ ಉದ್ದ ಕತ್ತಲೆಗೆ ಕಾದು ಹೊಸದಾಗಿ ಶುರು ಮಾಡಬಹುದು.